ಟೀವಿಯಲ್ಲಿ ಹೇಳಿದ ಒಡಪು

ಓಝರ್, ನಾಶಿಕ್
12 ಜನವರಿ 2007

ಹಂಸಾ,

ಸಿಟ್ಟಾಗುವುದಿಲ್ಲ ಎಂದು ಮೊದಲು ಮನಸ್ಸಿನಲ್ಲಿ ಅಂದುಕೋ, ಆಮೇಲೆ ಮುಂದೆ ಓದು. ನಾನು ಒಂದು ಕೆಲಸ ಮಾಡಿದ್ದೇನೆ. ಮಾಡಿದ ದಿನದಿಂದ ಊಟ ಸೇರುತ್ತಿಲ್ಲ.

ಸಂಜೆ ಏಳಕ್ಕೆ ಬರುವ ‘ಸಾಂಗಾ ವಹಿನಿ’, ನಮ್ಮ ಮಾತಿನಲ್ಲಿ ‘ಹೇಳ್ರಿ ಅತ್ತಿಗೆ’, ನೀನೂ ನೋಡಿರಬೇಕು. ಆ ಹೊತ್ತಿಗೆ ನಮ್ಮ ಬ್ಲಾಕಿನಲ್ಲಿ ಒಂದು ಕುಕ್ಕರೂ ಕೂಗುವುದಿಲ್ಲ. ಟೀವಿಯವರು ಊರೂರಿಗೆ ಹೋಗಿ, ಒಂದು ಮನೆ ಹಿಡಿದು, ಇಬ್ಬರು ಹೆಂಗಸರಿಗೆ ಆಟ ಆಡಿಸುತ್ತಾರೆ. ಗೆದ್ದವಳಿಗೆ ಪೈಠಣಿ ಸೀರೆ. ಒಂದೇ ಕೈಯಲ್ಲಿ ಬಳೆ ಏರಿಸುವ ಸುತ್ತು ನನಗೆ ಸೇರುವುದಿಲ್ಲ. ಗಾಜು ಚುಚ್ಚಿದರೆ ಯಾರು ಹೊಣೆ? ಸೋತವಳಿಗೆ ಸ್ಟೀಲಿನ ಡಬ್ಬಿ ಕೊಟ್ಟು ನಗು ಅನ್ನುತ್ತಾರೆ, ಅದೂ ಸೇರುವುದಿಲ್ಲ. ಆದರೂ ಕೋಟಿ ಕೊಡುವ ದೊಡ್ಡ ಹಿಂದಿ ಆಟಕ್ಕಿಂತ ಇದೇ ವಾಸಿ. ಅಲ್ಲಿ ನಾಲ್ಕು ಉತ್ತರ ತೋರಿಸಿ ತಲೆ ಕೆಡಿಸುತ್ತಾರೆ. ಆರನೆಯ ಇಯತ್ತೆಗೆ ಶಾಲೆ ಬಿಟ್ಟ ನನಗೆ ಒಂದು ಉತ್ತರವೇ ಹೆಚ್ಚು. ನಿಜ ಹೇಳಬೇಕೆಂದರೆ ರೇಡಿಯೋದ ಆಟಗಳೇ ಎಲ್ಲಕ್ಕಿಂತ ಒಳ್ಳೆಯವು. ಸೋತರೂ ಮುಖ ಕಾಣುವುದಿಲ್ಲ.

‘ಸಾಂಗಾ ವಹಿನಿ’ಯ ಕೊನೆಯ ಸುತ್ತು ಗಂಡನ ಹೆಸರನ್ನು ಪ್ರಾಸ ಕಟ್ಟಿ ಹೇಳುವುದು. ಇಲ್ಲಿಯ ಮರಾಠಿಯವರು ಉಖಾಣಾ ಅನ್ನುತ್ತಾರೆ, ನಮ್ಮ ಗುಳೇದಗುಡ್ಡದಲ್ಲಿ ಒಡಪು. ಮೊನ್ನೆ ಒಬ್ಬಳು ಹೇಳಿದ ಒಡಪು ಕೇಳಿ ನನಗೆ ಹೊಟ್ಟೆ ಉರಿಯಿತು. ನಮ್ಮ ಹಂಸಿ ಇದರ ಹತ್ತರಷ್ಟು ಚೆಂದ ಹೇಳುತ್ತಾಳೆ, ಅವ್ವನಿಂದ ಕಲಿತದ್ದು ಅವಳೊಬ್ಬಳೇ ಅಂತ.

ಅದಕ್ಕೇ ಪೋಸ್ಟ್ ಕಾರ್ಡ್ ಹಾಕಿದೆ, ನಿನ್ನ ಹೆಸರಿನಲ್ಲಿ, ನಿನ್ನ ವಿಳಾಸಕ್ಕೆ. ನಮ್ಮದು ವಿಮಾನ ಕಾರ್ಖಾನೆಯ ವಸಾಹತು, ಕ್ಯಾಮರಾ ಗೇಟಿನ ಒಳಗೇ ಬಿಡುವುದಿಲ್ಲ. ನಿಮ್ಮ ಚಿಕಲಠಾಣಾದಲ್ಲಿ ಆ ತೊಂದರೆ ಇಲ್ಲ. ನಮ್ಮವರು ಕೇಳಿ, “ಆಕಿನ್ನ ಕೇಳಿದಿ ಏನು?” ಅಂದರು. ನಿಮ್ಮ ಮನೆಯವರು ಮಧುಕರ ಅವರು ಬಯ್ದರೆ ನನ್ನ ಹೆಸರು ಹೇಳು.

ಒತ್ತಕ್ಷರ ತಪ್ಪಿದ್ದರೆ ತಿದ್ದಿಕೊಂಡು ಓದು.

ನಿನ್ನ ಅಕ್ಕ,
ಪ್ರೇಮಾ


ಚಿಕಲಠಾಣಾ, ಔರಂಗಾಬಾದ್
29 ಜನವರಿ 2007

ಅಕ್ಕ,

ಸಿಟ್ಟು ಬಂದಿಲ್ಲ. ಆದರೆ ಆ ಕಾರ್ಡ್ ಹೇಗಾದರೂ ವಾಪಸ್ ತರಿಸು. ಮನೆಗೆ ಯಾರೂ ಕ್ಯಾಮರಾ ತರುವುದು ಬೇಡ.

ಇವರು ಬಯ್ಯುವ ಮಾತಿಲ್ಲ, ಊರಲ್ಲೇ ಇಲ್ಲ. ದೀಪಾವಳಿ ಮುಗಿಸಿ ಸೂರತ್‌ಗೆ ಹೋದರು. ಅಲ್ಲೇ ಕೆಲಸ ಅಂದರು. ಪತ್ರ ಬಂದಿಲ್ಲ. ನಾನೂ ಬರೆದಿಲ್ಲ.

ನಾನು ಆರಾಮ ಇದ್ದೇನೆ. ಎಲ್ಲರೂ ಬರೆಯುವ ಹಾಗೆ ಬರೆದದ್ದಲ್ಲ ಇದು, ನಿಜವಾಗಿ ಆರಾಮ. ಕೆಳಗಿನ ಮನೆಯ ಮಾಲಕಿ ಸುಶೀಲಾಬಾಯಿ ಜೊತೆ ಬೆಳಿಗ್ಗೆ ಬಾಲವಾಡಿಗೆ ಹೋಗುತ್ತೇನೆ. ಮಕ್ಕಳಿಗೆ ಉಪ್ಪಿಟ್ಟು ಬಡಿಸುವುದು, ಮೂಗು ಒರೆಸುವುದು. ಅವು ನನ್ನನ್ನು ‘ತಾಈ’ ಎಂದು ಕರೆಯುತ್ತವೆ. ಮರಾಠಿಯಲ್ಲಿ ಅಕ್ಕ ಎಂದು ಅರ್ಥ, ಗೊತ್ತು. ನನ್ನ ಕಿವಿಗೆ ಮಾತ್ರ ತಾಯಿ ಎಂದೇ ಕೇಳುತ್ತದೆ. ನಾನು ತಿದ್ದಿಕೊಂಡಿಲ್ಲ. ಹತ್ತನೆಯ ಸರ್ಟಿಫಿಕೇಟ್ ಇದ್ದರೆ ಜೂನ್‌ನ ಟೀಚರ್ ತರಬೇತಿಗೆ ಹೆಸರು ಕಳಿಸುತ್ತೇವೆ ಎಂದು ಬಾಲವಾಡಿಯವರು ಅಂದಿದ್ದಾರೆ. ಪೆಟ್ಟಿಗೆಯಲ್ಲಿ ಇದೆ, ನೋಡಿಕೊಂಡೆ.

ಇನ್ನೊಂದು ಮಾತು. ಇವರು ಕೆಲಸಕ್ಕೆ ಹೋಗುವಾಗ ಹೊರಗಿನಿಂದ ಕೀಲಿ ಹಾಕುತ್ತಿದ್ದರಲ್ಲ, ಬಾಗಿಲಿನ ಆ ಕೊಂಡಿ ಈಗ ಇಲ್ಲ. ಸುಶೀಲಾಬಾಯಿ ತಾವೇ ತಿರುಪು ಬಿಚ್ಚಿ ತೆಗೆದರು. ನಾಲ್ಕು ತೂತು ಉಳಿದಿವೆ. ಸಾಬೂನು ತುಂಬಿದ್ದೇನೆ.

ಹಂಸಾ


ಓಝರ್
6 ಫೆಬ್ರವರಿ 2007

ಹಂಸಾ,

ಕೊಂಡಿ ತೆಗೆಸಿದ್ದು ಸರಿಯಲ್ಲ. ಗಂಡಸಿಲ್ಲದ ಮನೆ, ಕೊಂಡಿ ಬೇರೆ ಇಲ್ಲ. ಕಳ್ಳರಿಗೆ ಅಷ್ಟು ಸಾಕು. ನಿನ್ನ ಕಾಳಜಿಗೆ ಅಂತ ಅವರು ಕೀಲಿ ಹಾಕಿ ಹೋಗುತ್ತಿದ್ದರು. ನಾವು ಬಂದಾಗ ನಾನೇ ನಮ್ಮವರಿಗೆ ಅಂದಿರಲಿಲ್ಲವೇ, “ನೋಡ್ರಿ, ಹೆಂಡ್ತಿನ್ನ ಹೆಂಗ ಜ್ವಾಪಾನ ಮಾಡ್ತಾರ. ನೀವು ನನ್ನ ಬಾಗಲಾ ತಗದಿಟ್ಟ ಹೋಗ್ತೀರಿ” ಅಂತ? ಆ ಸುಶೀಲಾಬಾಯಿಗೆ ಹೇಳಿ ಮತ್ತೆ ಹಾಕಿಸು.

ಕಾರ್ಡ್ ವಾಪಸ್ ಬರುವುದಿಲ್ಲವಂತೆ. ಪೋಸ್ಟಿನಲ್ಲಿ ಕೇಳಿದೆ, ನಕ್ಕರು. ನಿನಗೆ ಕ್ಯಾಮರಾದ ಹೆದರಿಕೆ, ಅಷ್ಟೇ. ದೌಲತಾಬಾದ್ ಕೋಟೆಯಲ್ಲಿ ಏನಾಯಿತು ನೆನೆ. ಕತ್ತಲ ದಾರಿಯ ಬಾಯಲ್ಲಿ ನಾನು ಅಳುತ್ತ ನಿಂತೆ, ನೀನು ಒಬ್ಬಳೇ ಒಳಗೆ ಹೋಗಿ ಆ ಕಡೆಯಿಂದ ಬಂದೆ. “ನನಗ ರೂಢಿ ಅದ, ಅಕ್ಕ” ಅಂದೆ. ಅಂಥವಳು ಒಂದು ದೀಪಕ್ಕೆ ಹೆದರುತ್ತೀಯಾ?

ಉಡುವುದಕ್ಕೆ ನಿನ್ನ ಹಸಿರು ಇಳಕಲ್ ಸೀರೆ, ನಮ್ಮೂರಿನ ಖಣದ ಕುಪ್ಪಸ. ಟೀವಿಯಲ್ಲಿ ಹಸಿರು ಚೆಂದ ಕಾಣುವುದಿಲ್ಲ ಎಂದು ಪಕ್ಕದ ಮನೆಯವರು ಅನ್ನುತ್ತಾರೆ. ಅದರದ್ದೊಂದು ಚಿಂತೆ ಹತ್ತಿದೆ ನನಗೆ. ಮಧುಕರ ಅವರಿಗೆ ಪತ್ರ ಹಾಕು, ರಜೆ ಹಾಕಿ ಬರಲಿ.

ಪ್ರೇಮಾ


ಚಿಕಲಠಾಣಾ
3 ಮಾರ್ಚ್ 2007

ಅಕ್ಕ,

ಟೀವಿಯವರು ಸುಶೀಲಾಬಾಯಿಯ ಫೋನಿಗೆ ಮಾತಾಡಿದರು. ಇದೇ ತಿಂಗಳು ಇಪ್ಪತ್ತೇಳಕ್ಕೆ ಬರುತ್ತಾರೆ. ಎದುರಾಳಿ ಸುಶೀಲಾಬಾಯಿಯ ಸೊಸೆ ಸುಗುಣಾ. ಬೇಡ ಎನ್ನುವ ಮೊದಲೇ ಓಣಿಗೆಲ್ಲ ಗೊತ್ತಾಯಿತು. ಬೇಡ ಎಂದರೆ ಯಾಕೆ ಎನ್ನುತ್ತಾರೆ. ಯಾಕೆ ಎಂದು ಶುರುವಾದರೆ ನಿನ್ನ ಗಂಡ ಎಲ್ಲಿ ಎಂದು ಮುಗಿಯುತ್ತದೆ. ಇಲ್ಲಿ ಎಲ್ಲರಿಗೂ ಸೂರತ್‌ನ ಡ್ಯೂಟಿ ಎಂದೇ ಹೇಳಿದ್ದೇನೆ.

ಒಂದು ಕೇಳುತ್ತೇನೆ, ನಗಬೇಡ. ಕೊನೆಯ ಸುತ್ತಿನಲ್ಲಿ ಗಂಡನ ಹೆಸರನ್ನೇ ಹೇಳಬೇಕೇ? ಊರಿನ ಹೆಸರೋ ದೇವರ ಹೆಸರೋ ಹೇಳಿದರೆ ನಡೆಯುವುದಿಲ್ಲವೇ? ನೀನು ದಿನವೂ ನೋಡುತ್ತೀ, ನಿನಗೆ ನಿಯಮ ಗೊತ್ತಿರುತ್ತದೆ.

ಅವ್ವ ಒಗಟಿಗೂ ಒಡಪು ಅನ್ನುತ್ತಿದ್ದಳು. ನಾನೂ ಒಂದು ಕಟ್ಟಿದ್ದೇನೆ. ಟೀವಿಗೆ ಅಲ್ಲ, ನಿನಗೆ.

ಹೊರಗ ಕುಂತು ಮನಿ ಕಾಯ್ತದ, ಕೂಳ ಕೇಳೂದಿಲ್ಲ,
ಒಳಗಿನಾಕಿ ಎಷ್ಟ ಕರದರೂ ಓಗೊಡೂದಿಲ್ಲ.

ಒಡೆದು ಹೇಳು.

ಹಂಸಾ


ಓಝರ್
9 ಮಾರ್ಚ್ 2007

ಹಂಸಾ,

ಪತ್ರ ಬಂದಾಗಿನಿಂದ ಬ್ಲಾಕಿನಲ್ಲಿ ನನ್ನ ಕಾಲು ನಿಲ್ಲುತ್ತಿಲ್ಲ. ಹಂಗೇ ಹೆದರಿಕೆಯೂ ಇದೆ. ಶೂಟಿಂಗಿಗೆ ಎಷ್ಟು ಜನ ಬರುತ್ತಾರೆ, ಚಹಾ ಎಷ್ಟು ಕಪ್ಪು ಬೇಕು, ದೊಡ್ಡ ದೀಪ ಹಚ್ಚಿದರೆ ಫ್ಯೂಸ್ ಹೋಗುವುದಿಲ್ಲವೇ? ಸುಶೀಲಾಬಾಯಿಯ ಮನೆಯಿಂದ ಒಂದು ವಯರ್ ಎಳೆಸಿಟ್ಟುಕೋ.

ನಿಯಮ ಕೇಳಿದೆಯಲ್ಲ. ನನಗೆ ಎಲ್ಲ ಬಾಯಿಪಾಠ ಇವೆ. ಗಂಡನ ಹೆಸರು ಹೇಳದಿದ್ದರೆ ಐದು ಅಂಕ ಹೋದವು. ಯಾವ ಭಾಷೆಯಲ್ಲಾದರೂ ಹೇಳಬಹುದು. ಇನ್ನೊಂದು, ಒಮ್ಮೆ ಗೆದ್ದವರನ್ನು ಮತ್ತೆ ಕರೆಯುವುದಿಲ್ಲ, ಏನೇ ಆದರೂ ಕರೆಯುವುದಿಲ್ಲ. ಇರುವುದು ಒಂದೇ ಸಲ, ಅದಕ್ಕೇ ನನಗೆ ಇಷ್ಟು ಒದ್ದಾಟ.

ನಿನ್ನ ಒಗಟಿನ ಉತ್ತರ ದೃಷ್ಟಿಗೊಂಬೆ ತಾನೆ? ನಾಯಿ ಅಂದುಕೊಂಡೆ ಮೊದಲು, ನಾಯಿ ಕೂಳು ಕೇಳುತ್ತದೆ. ಚೆಂದ ಇದೆ, ಆದರೆ ಅದರಲ್ಲಿ ಹೆಸರೇ ಇಲ್ಲ, ಟೀವಿಗೆ ನಡೆಯುವುದಿಲ್ಲ. ಮೂರು ದಿನ ಕೂತು ನಾನೇ ಒಂದು ಕಟ್ಟಿದ್ದೇನೆ. ಇದನ್ನೇ ಹೇಳು.

ಬಾಗಿಲ ಮುಂದ ರಂಗೋಲಿ, ರಂಗೋಲ್ಯಾಗ ಬಣ್ಣದ ಸಾಲ,
ಮಧುಕರ ಅವರು ಬರೋ ಹಾದಿಗೆ ನನ್ನ ಕಣ್ಣೇ ಕಾವಲ.

ನಮ್ಮವರಿಗೆ ಹೇಳಿ ತೋರಿಸಿದೆ. “ಇದನ್ನ ಕೇಳಿದರ ಯಾವ ಗಂಡನೂ ಡ್ಯೂಟಿ ಬಿಟ್ಟ ಓಡಿ ಬರಬೇಕ” ಅಂದರು.

ಪ್ರೇಮಾ


ಚಿಕಲಠಾಣಾ
30 ಮಾರ್ಚ್ 2007

ಅಕ್ಕ,

ಮುಗಿಯಿತು. ಗೆದ್ದೆ. ನೇರಳೆ ಬಣ್ಣದ ಪೈಠಣಿ, ಸೆರಗಿನಲ್ಲಿ ನವಿಲು.

ಫ್ಯೂಸ್ ಹೋಗಲಿಲ್ಲ. ಹದಿನಾಲ್ಕು ಜನ ಬಂದರು, ಚಹಾ ಎರಡು ಸಲ ಆಯಿತು. ಅವರ ದೀಪದ ಕಾವಿಗೆ ಬಾಗಿಲಿನ ಸಾಬೂನು ಕರಗಿ ನಾಲ್ಕು ತೂತೂ ಕಂಡವು. ನಿರೂಪಕ ಅಲ್ಲೇ ಒರಗಿ ನಿಂತಿದ್ದ. “ವಹಿನಿ, ಸಾಹೇಬರು ಎಲ್ಲಿ?” ಅಂದ. ಡ್ಯೂಟಿ ಅಂದೆ. “ಅವರು ನೋಡತಾ ಇರತಾರ, ಅವರಿಗೇ ಹೇಳರಿ” ಎಂದು ಕ್ಯಾಮರಾ ತೋರಿಸಿದ. ಅದರ ಗಾಜಿನಲ್ಲಿ ಬೆರಳಿನಷ್ಟು ದೊಡ್ಡ ನಾನು ಕಾಣುತ್ತಿದ್ದೆ.

ದೇವರ ಹೆಸರು ಹೇಳಿಬಿಡಬೇಕು ಎಂದೇ ನಿಂತಿದ್ದೆ. ಮುಂದೆ ಬಾಲವಾಡಿಯ ಟೀಚರ್ ಕೂತಿದ್ದರು, ಓಣಿಯವರು ಮೆಟ್ಟಿಲ ಮೇಲೆ. ಗಂಡನ ಹೆಸರು ಬಾಯಿಗೆ ಬಾರದವಳನ್ನು ನಾಳೆ ಯಾರು ಏನು ಕೇಳುತ್ತಾರೋ ಅನ್ನಿಸಿತು. ನೀನು ಕಟ್ಟಿದ್ದು ಹೇಳಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಸೋತ ಸುಗುಣಾ ಡಬ್ಬಿ ಹಿಡಿದು, “ನಿನ್ನ ಪೈಠಣಿಗಿಂತ ನನ್ನ ಡಬ್ಬಿ ಉಪಯೋಗ, ಬೇಳೆ ತುಂಬಬಹುದು” ಎಂದು ನಗಿಸಿದಳು. ಒಳ್ಳೆಯ ಹುಡುಗಿ.

ಏಪ್ರಿಲ್ ಹತ್ತೊಂಬತ್ತಕ್ಕೆ ತೋರಿಸುತ್ತಾರೆ. ಸೂರತ್‌ನಲ್ಲಿಯೂ ಈ ಚಾನೆಲ್ ಬರುತ್ತದೆಯೇ ಎಂದು ಭಾವನನ್ನು ಕೇಳಿ ತಿಳಿಸು. ಬರುವುದಿಲ್ಲ ಅನ್ನಿಸುತ್ತದೆ.

ನಿನ್ನ ಉತ್ತರ ದೃಷ್ಟಿಗೊಂಬೆ ಅಲ್ಲ.

ಹಂಸಾ


ಓಝರ್
20 ಏಪ್ರಿಲ್ 2007

ನನ್ನ ಚಿನ್ನದಂಥ ಹಂಸಾ,

ನಿನ್ನೆ ನಮ್ಮ ಮನೆಯಲ್ಲಿ ಇಪ್ಪತ್ತಾರು ಜನ, ಕೂರಲು ಜಾಗವಿಲ್ಲ. ಆರೂಮುಕ್ಕಾಲಿಗೆ ಕೇಬಲ್ ಹೋಯಿತು. ನನಗೆ ಜೀವವೇ ಹೋದ ಹಾಗಾಯಿತು. ಬಂತು. ನೀನು ಬಂದೆ. ಒಡಪು ಹೇಳುವಾಗ ನಿನ್ನ ಕಣ್ಣಲ್ಲಿ ನೀರಿತ್ತು. ಪಕ್ಕದವರು, “ಎಷ್ಟ ಜೀವ ಇಟ್ಟಾಳ್ರಿ ಗಂಡನ ಮ್ಯಾಲ” ಅಂದರು. ನಾನೂ ಸೆರಗು ಬಾಯಿಗೆ ಹಿಡಿದು ಅತ್ತೆ.

ಸೂರತ್‌ನಲ್ಲಿ ಮರಾಠಿ ಜನ ಬಹಳ, ಅಲ್ಲಿಯೂ ಬರುತ್ತದೆಯಂತೆ. ಈ ಸುದ್ದಿ ಓದಿ ಖುಷಿಪಡು.

ಒಂದೇ ಕೊರಗು. ಬಾಗಿಲಿನ ತೂತು ಟೀವಿಯಲ್ಲಿ ಕಂಡವು. ಜನ ಏನಂದುಕೊಂಡರೋ.

ಪ್ರೇಮಾ


ಓಝರ್
14 ಮೇ 2007

ಹಂಸಾ,

ನಿನ್ನ ಪತ್ರವಿಲ್ಲ. ಸುಶೀಲಾಬಾಯಿಯ ನಂಬರಿಗೆ ಮೂರು ಸಲ ಫೋನ್ ಮಾಡಿಸಿದೆ. ಎತ್ತಿದರು. “ಅವಳು ಈಗ ಕೆಳಗೆ ಬರುವುದಿಲ್ಲ” ಅಂದರು. ನನ್ನ ಅರೆಬರೆ ಮರಾಠಿಗೆ ಅಷ್ಟೇ ತಿಳಿಯಿತು. ಜ್ವರವೇ? ಕಾಲು ಉಳುಕಿತೇ? ಪೈಠಣಿ ಕಳುವಾಯಿತೇ? ಎರಡು ಸಾಲು ಬರೆ.

ಪ್ರೇಮಾ


ಚಿಕಲಠಾಣಾ
24 ಮೇ 2007

ಪೂಜ್ಯ ಅಕ್ಕನವರಿಗೆ ಹಂಸಾ ಮಾಡುವ ನಮಸ್ಕಾರಗಳು.

ನಾವಿಬ್ಬರೂ ಕ್ಷೇಮ. ಇವರು ಏಪ್ರಿಲ್ ಇಪ್ಪತ್ತೆರಡರಂದು ಬಂದರು. ಸೂರತ್‌ನಲ್ಲಿ ತಮ್ಮ ಹೆಸರನ್ನು ಟೀವಿಯಲ್ಲಿ ಕೇಳಿ, “ನನ್ನ ಹಾದಿಗೆ ಕಣ್ಣ ಕಾವಲ ಇಟ್ಟೀ ಅಂದಿ, ಬಂದೆ ನೋಡು” ಅಂದರು. ಈಗ ಇಲ್ಲೇ ಇರುತ್ತಾರೆ. ಹೋಟೆಲಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಆ ಒಡಪು ಹೇಳುತ್ತಾರೆ. ಮತ್ತೆ ಯಾವಾಗ ಟೀವಿಯಲ್ಲಿ ಬರುವುದು ಎಂದು ಕೇಳುತ್ತಾರೆ. ಅವರಿಗೆ ಬಹಳ ಆಸೆ.

ಬಾಲವಾಡಿ ಬಿಟ್ಟಿದ್ದೇನೆ. ಮನೆಯಲ್ಲೇ ಕೆಲಸ ಇರುತ್ತದೆ. ಬಾಗಿಲಿಗೆ ಹೊಸ ಕೊಂಡಿ ಹಾಕಿಸಿದ್ದಾರೆ, ಹಳೆಯ ತೂತಿಗಿಂತ ಒಂದು ಬೆರಳು ಮೇಲೆ. ನೀವು ಕಳ್ಳರ ಚಿಂತೆ ಮಾಡುತ್ತಿದ್ದಿರಿ, ಇನ್ನು ಮಾಡಬೇಡಿರಿ.

ಒಗಟಿಗೆ ನೀವು ಹೇಳಿದ ಉತ್ತರ ತಪ್ಪು. ಹಳೆಯ ಪತ್ರ ತೆಗೆದು ಇನ್ನೊಮ್ಮೆ ಒಡೆದು ನೋಡಿರಿ.

ಇವರು ಪಕ್ಕದಲ್ಲೇ ಕುಳಿತಿದ್ದಾರೆ, ನಮಸ್ಕಾರ ತಿಳಿಸಿದ್ದಾರೆ. ನಿಮ್ಮ ಪತ್ರ ಬಂದರೆ ಅವರೇ ಮೊದಲು ಒಡೆದು ಓದಿ ಕೊಡುತ್ತಾರೆ. ಇದನ್ನೂ ಅವರೇ ಪೋಸ್ಟ್ ಮಾಡುತ್ತಾರೆ.

ಇಂತು,
ಹಂಸಾ ಮಧುಕರ


ಓಝರ್
30 ಮೇ 2007

ಹಂಸಿ,

ಈ ಪತ್ರವನ್ನು ಪೋಸ್ಟಿನ ಡಬ್ಬಿಗೆ ಹಾಕುವುದಿಲ್ಲ. ಬರೆಯದಿದ್ದರೆ ತಲೆ ಸಿಡಿಯುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ.

ನೀನು ನನಗೆ ಯಾವತ್ತು ‘ನೀವು’ ಅಂದಿದ್ದೆ? ಗಂಡ ಬಂದ ಸುದ್ದಿ, ನನಗೆ ಸಂತೋಷ ಆಗಬೇಕು. ಆಗುತ್ತಿಲ್ಲ. ಹಳೆಯ ಪತ್ರಗಳನ್ನು ಅಡುಗೆಮನೆಯ ನೆಲದ ಮೇಲೆ ಹರಡಿಕೊಂಡು ಕೂತೆ. ಹೊರಗ ಕುಂತು ಮನಿ ಕಾಯ್ತದ. ಒಳಗಿನಾಕಿ ಎಷ್ಟ ಕರದರೂ ಓಗೊಡೂದಿಲ್ಲ. ಆ ಪತ್ರದ ಹಿಂದಿನ ಪತ್ರದಲ್ಲೇ ನೀನು ಕೊಂಡಿಯ ಮಾತು ಬರೆದಿದ್ದೆ.

ಕೀಲಿ. ಉತ್ತರ ಕೀಲಿ.

ಎಷ್ಟು ಕರೆದಿದ್ದೆ, ಹಂಸಿ? ಎಷ್ಟು ವರ್ಷ? ಕೋಟೆಯ ಕತ್ತಲಲ್ಲಿ ರೂಢಿ ಅದ ಅಂದೆ, ನಾನು ಅದನ್ನು ಧೈರ್ಯ ಅಂದುಕೊಂಡೆ. ಚಹಾ ಕಪ್ಪು, ಫ್ಯೂಸು, ಹಸಿರು ಸೀರೆ, ಲೋಕದಲ್ಲಿ ಇರುವ ಎಲ್ಲದರ ಚಿಂತೆಯನ್ನೂ ಮಾಡಿದೆ. ಇದೊಂದರ ಚಿಂತೆ ಮಾಡಲಿಲ್ಲ. ಕೀಲಿ ಹಾಕುವುದನ್ನು ಹೊಗಳಿದೆ. ಮೇಲಿಂದ, ನೀನು ದೇವರ ಹೆಸರು ಹೇಳುತ್ತೇನೆ ಅಂದರೂ ಬಿಡದೆ ಅವನ ಹೆಸರನ್ನೇ ಕಟ್ಟಿ ನಿನ್ನ ಬಾಯಿಗೆ ಇಟ್ಟೆ. ನನ್ನ ಒಡಪೇ ಅವನನ್ನು ಕರೆದು ತಂದಿತು.

ನಮ್ಮವರಿಗೆ ತೋರಿಸಿದೆ. ಎರಡೂ ಪತ್ರ ಓದಿ ಕನ್ನಡಕ ತೆಗೆದಿಟ್ಟರು. “ಸುಮ್ಮನ ಹೋಗಿ ಬಾಗಲಾ ಬಡದರ ಅಂವ ಕಳಸೂದಿಲ್ಲ. ಜಗಳಾ ಮಾಡಿ ಬಂದರ ಆಮ್ಯಾಲ ಆಕಿಗೇ ಬಡೀತಾನ. ತಾನಾಗೇ ಕೀಲಿ ತಗೀಬೇಕು, ಹಂಗ ಮಾಡಬೇಕು” ಅಂದರು. ಅವನು ತಾನಾಗಿ ಯಾಕೆ ತೆಗೆಯುತ್ತಾನೆ ಅಂದೆ. ಅಷ್ಟರಲ್ಲಿ ಏಳು ಗಂಟೆಯಾಗಿ, ಪಕ್ಕದ ಮನೆಯಲ್ಲಿ ‘ಸಾಂಗಾ ವಹಿನಿ’ಯ ಹಾಡು ಶುರುವಾಯಿತು.


ಓಝರ್
1 ಜೂನ್ 2007

ಮಧುಕರ ಅವರಿಗೆ ಪ್ರೇಮಾ ಮಾಡುವ ನಮಸ್ಕಾರಗಳು. ನೀವೇ ಮೊದಲು ಓದುತ್ತೀರಿ, ಆದ್ದರಿಂದ ಸಂತೋಷದ ಸುದ್ದಿಯನ್ನು ನಿಮಗೇ ಹೇಳುತ್ತೇನೆ.

‘ಸಾಂಗಾ ವಹಿನಿ’ಯವರು ಗೆದ್ದವರನ್ನೆಲ್ಲ ಮತ್ತೆ ಕರೆಸುತ್ತಿದ್ದಾರೆ. ನಿಮ್ಮ ಹೆಸರಿನ ಒಡಪು ಅವರಿಗೆ ಬಹಳ ಮೆಚ್ಚುಗೆಯಾಗಿದೆಯಂತೆ. ಈ ಸಲ ಅಕ್ಕತಂಗಿಯರ ಆಟ. ಶೂಟಿಂಗ್ ನಮ್ಮ ವಸಾಹತಿನಲ್ಲೇ, ನಮ್ಮ ಕ್ವಾರ್ಟರ್ಸಿನಲ್ಲೇ. ಕ್ಯಾಮರಾ ತರಲು ಗೇಟಿನವರು ಸಂತೋಷದಿಂದ ಒಪ್ಪಿದ್ದಾರೆ. ಹಂಸಾ ವಾರ ಮೊದಲೇ ಬಂದು ತಾಲೀಮು ಮಾಡಬೇಕೆಂದು ನಿಯಮ. ಗಂಡಂದಿರನ್ನು ಕೊನೆಯ ದಿನ, ಒಡಪಿನ ಸುತ್ತಿಗೆ, ಟೀವಿಯವರೇ ಗಾಡಿ ಕಳಿಸಿ ಕರೆಸುತ್ತಾರೆ. ಅವರ ಫೋನ್ ಬರುವ ತನಕ ನೀವು ಮನೆಯಲ್ಲೇ ಇರಬೇಕಂತೆ. ಮೊದಲೇ ಮುಖ ತೋರಿಸಿದರೆ ಅಂಕ ಕಡಿತ. ನಿಮ್ಮ ಇಸ್ತ್ರಿ ಅಂಗಿ ಸಿದ್ಧವಿರಲಿ.

ಹಂಸಾ, ಗುರುವಾರ ಏಳನೇ ತಾರೀಕು ನಾನು ಮತ್ತು ನಿನ್ನ ಭಾವ ಬರುತ್ತೇವೆ. ಅವರಿಗೆ ಆಟದ ನಿಯಮವನ್ನೆಲ್ಲ ಹೇಳಿದ್ದೇನೆ, ಎರಡು ದಿನ ರಜೆ ಹಾಕಿದ್ದಾರೆ. ಹನ್ನೊಂದರ ಹೊತ್ತಿಗೆ ನಿಮ್ಮ ಬಾಗಿಲಲ್ಲಿ ಇರುತ್ತೇವೆ. ಮರಳುವ ಬಸ್ಸು ಒಂದು ಗಂಟೆಗೆ. ಪೈಠಣಿ ತಾ. ಪೆಟ್ಟಿಗೆಯಲ್ಲಿ ಅದರ ಜೊತೆಗಿರುವ ಹತ್ತನೆಯ ಸರ್ಟಿಫಿಕೇಟನ್ನು ಮರೆಯಬೇಡ, ವಯಸ್ಸಿನ ದಾಖಲೆ ಇಲ್ಲದೆ ಟೀವಿಯವರು ಆಡಲು ಬಿಡುವುದಿಲ್ಲ. ಸುಶೀಲಾಬಾಯಿಗೂ ಫೋನಿನಲ್ಲಿ ಹೇಳಿದ್ದೇನೆ. ನನ್ನ ಮರಾಠಿ ಈ ಸಲ ಅವರಿಗೆ ಪೂರ್ತಿ ತಿಳಿಯಿತು. ಅವರೂ ಸುಗುಣಾಳೂ ಮೆಟ್ಟಿಲ ಹತ್ತಿರವೇ ಕೂತಿರುತ್ತಾರಂತೆ, ಕಳಿಸಿಕೊಡಲು.

ನಿನ್ನ ಒಗಟಿನ ಉತ್ತರ ಸಿಕ್ಕಿತು. ಕಾಗದದಲ್ಲಿ ಬರೆದರೆ ಆಟದ ಮಜಾ ಹೋಗುತ್ತದೆ, ಬಸ್ಸಿನಲ್ಲಿ ಹೇಳುತ್ತೇನೆ. ಹೊಸ ಒಡಪು ಕಟ್ಟಿದ್ದೇನೆ, ಬಾಯಿಪಾಠ ಮಾಡಿಟ್ಟುಕೋ.

ಓಝರದ ಆಕಾಶದಾಗ ಇಮಾನ ಹಾರತಾವ ಸಾಲ ಸಾಲ,
ಹಂಸಾನ್ನ ಕರಕೊಂಡ ಬರೋ ಹಾದಿಗೆ ಇನ್ನ ನಾನೇ ಕಾವಲ.

ನಾನು ಕಲಿತದ್ದು ಆರನೆಯ ಇಯತ್ತೆ, ಈ ಪತ್ರದಲ್ಲಿ ಬಹಳ ತಪ್ಪು ಇರಬೇಕು. ನಿನ್ನ ಕಣ್ಣಿಗೆ ಬಿದ್ದೇ ಬೀಳುತ್ತವೆ. ಈ ಸಲ ಒಂದನ್ನೂ ತಿದ್ದಬೇಡ.

ನಿನ್ನ ಅಕ್ಕ,
ಪ್ರೇಮಾ